ಮನೆಯಲ್ಲಿ ಕಟ್ಟಿದ ಇದ್ದಿಲು ಕುಲುಮೆ: ಕಾವು ಏರದಿದ್ದಾಗ, ಕಬ್ಬಿಣ ಸುಟ್ಟಾಗ, ಮಣ್ಣಿನ ಪದರ ಒಡೆದಾಗ

ಹಳೆಯ ಕಬ್ಬಿಣದ ಬಾಣಲೆಯೋ ದಪ್ಪ ತಗಡಿನ ತೊಟ್ಟಿಯೋ ಒಂದು, ಅದರೊಳಗೆ ಜೇಡಿಮಣ್ಣು ಮತ್ತು ಮರಳು ಕಲಸಿ ಮೆತ್ತಿದ ಪದರ, ಪಕ್ಕದಿಂದ ಒಳಹೊಗುವ ಉಕ್ಕಿನ ಕೊಳವೆ, ಆ ಕೊಳವೆಗೆ ಗಾಳಿ ಊದಲು ಹೇರ್ ಡ್ರೈಯರ್ ಅಥವಾ ಸಣ್ಣ ಬ್ಲೋವರ್, ಉರುವಲಾಗಿ ಮರದ ಇದ್ದಿಲು. ಮನೆಯ ಸಾಮಾನುಗಳಿಂದ ಕಟ್ಟುವ ಕುಲುಮೆ ಸಾಮಾನ್ಯವಾಗಿ ಹೀಗಿರುತ್ತದೆ. ಈ ಬರಹವೂ ಅಂಥ ಕುಲುಮೆಯನ್ನೇ ಗಮನದಲ್ಲಿಟ್ಟುಕೊಂಡಿದೆ. ಮೊದಲ ಬಾರಿ ಬೆಂಕಿ ಹಚ್ಚಿದಾಗ ಕಬ್ಬಿಣ ಮಂದ ಕೆಂಪಿನಿಂದ ಮೇಲೇರದೆ ಹೋದರೆ, ಕಟ್ಟಿದವರು ಬಹುಮಟ್ಟಿಗೆ ಮಣ್ಣಿನ ಪದರವನ್ನೋ ಇದ್ದಿಲನ್ನೋ ದೂರುತ್ತಾರೆ. ಪದರವನ್ನು ಒಡೆದು ಹೊಸದಾಗಿ ಮೆತ್ತಿ, ಅದು ಒಣಗುವ ತನಕ ಕಾದು, ಮತ್ತೆ ಬೆಂಕಿ ಹಚ್ಚಿದರೂ ಅದೇ ಮಂದ ಕೆಂಪು ಉಳಿದಿರುವುದನ್ನು ಕಂಡು ಕೈಬಿಡುತ್ತಾರೆ. ಇಂಥ ಕುಲುಮೆಗಳ ಹೆಚ್ಚಿನ ದೋಷಗಳು ಗಾಳಿ ಬರುವ ದಾರಿಯಲ್ಲಿ ಮತ್ತು ಕೆಂಡದ ರಾಶಿಯ ಆಳದಲ್ಲಿ ಇರುತ್ತವೆ. ಇವೆರಡನ್ನೂ ಏನನ್ನೂ ಒಡೆಯದೆ ಪರೀಕ್ಷಿಸಬಹುದು, ಸರಿಪಡಿಸಲೂಬಹುದು. ಆದ್ದರಿಂದ ಮಣ್ಣಿಗೆ ಕೈಹಾಕುವುದು ಕೊನೆಯ ಕೆಲಸವಾಗಬೇಕು.

ಕಾರಣ ಸರಳವಾದದ್ದು. ಇದ್ದಿಲು ಬಹುಪಾಲು ಇಂಗಾಲ. ಅದು ಎಷ್ಟು ವೇಗವಾಗಿ ಉರಿಯುತ್ತದೆ ಎಂಬುದನ್ನು ಅದಕ್ಕೆ ದೊರೆಯುವ ಆಮ್ಲಜನಕ ನಿರ್ಧರಿಸುತ್ತದೆ. ಗಾಳಿ ಊದದೆ ಬಿಟ್ಟ ಕೆಂಡ ಗಂಟೆಗಟ್ಟಲೆ ಮಂದವಾಗಿ ಉರಿಯುತ್ತಿದ್ದು, ಹುಟ್ಟಿದ ಶಾಖವನ್ನೆಲ್ಲ ಸುತ್ತಲಿಗೆ ಬಿಟ್ಟುಕೊಡುತ್ತದೆ. ಅದೇ ಕೆಂಡಕ್ಕೆ ಒಂದೇ ಕಡೆಯಿಂದ ಬಲವಾದ ಗಾಳಿ ಹೊಕ್ಕರೆ ಶಾಖ ಕಳೆದುಹೋಗುವುದಕ್ಕಿಂತ ವೇಗವಾಗಿ ಹುಟ್ಟುತ್ತದೆ, ರಾಶಿಯ ಒಡಲು 1200 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕುಲುಮೆಯ ಉಳಿದೆಲ್ಲ ಭಾಗಗಳ ಕೆಲಸ ಈ ಕಾವನ್ನು ಒಂದೆಡೆ ಹಿಡಿದಿಡುವುದಷ್ಟೆ.

ಬೆಂಕಿಯನ್ನು ಕೂಡಲೇ ನಿಲ್ಲಿಸಬೇಕಾದ ಲಕ್ಷಣಗಳು

ಕೆಲವು ಲಕ್ಷಣಗಳು ಕಂಡಾಗ ಕಾರಣ ಹುಡುಕುತ್ತಾ ನಿಲ್ಲಬಾರದು. ಗಾಳಿ ನಿಲ್ಲಿಸಿ ದೂರ ಸರಿಯಬೇಕು, ವಿಚಾರಣೆ ಆಮೇಲೆ. ಅವುಗಳಲ್ಲಿ ಮೊದಲನೆಯದು ಬಿಳಿಯ ದಟ್ಟ ಹೊಗೆ ಮತ್ತು ಹತ್ತಿಯ ಎಳೆಯಂತೆ ತೇಲುವ ಬಿಳಿಯ ಪುಡಿ. ಇದು ಸತುವಿನ ಲೇಪವಿರುವ ಬಕೆಟ್ಟು, ತಗಡು ಅಥವಾ ನೀರಿನ ಕೊಳವೆ ಬೆಂಕಿಗೆ ಸಿಕ್ಕಿರುವುದರ ಗುರುತು. ಸತು ಸುಮಾರು 420 ಡಿಗ್ರಿಯಲ್ಲಿ ಕರಗಿ 907 ಡಿಗ್ರಿಯಲ್ಲಿ ಕುದಿಯುತ್ತದೆ. ಕುಲುಮೆ ಇವೆರಡನ್ನೂ ಸುಲಭವಾಗಿ ದಾಟುವುದರಿಂದ ಲೇಪ ಆವಿಯಾಗಿ, ಗಾಳಿಯಲ್ಲಿ ಸತುವಿನ ಆಕ್ಸೈಡ್ ಆಗಿ ಹರಡುತ್ತದೆ. ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳ ನಂತರ ಚಳಿಜ್ವರ, ಮೈಕೈ ನೋವು, ಕೆಮ್ಮು, ಎದೆಬಿಗಿತ ಕಾಣಿಸಿಕೊಳ್ಳುತ್ತವೆ. ಹೊಗೆ ಕುಡಿದ ಹೊತ್ತಿನಲ್ಲಿ ಏನೂ ಆಗಲಿಲ್ಲವೆಂಬುದು ಸಮಾಧಾನಕ್ಕೆ ಕಾರಣವಲ್ಲ. ಉಸಿರಾಟಕ್ಕೆ ಕಷ್ಟವಾದರೆ ವೈದ್ಯರನ್ನು ಕಾಣಲೇಬೇಕು. ಲೇಪವನ್ನು ಒಂದು ಸಲ ಸುಟ್ಟು ತೆಗೆದರಾಯಿತು ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಕುಲುಮೆಗೆ ಬಳಸುವ ಲೋಹವೆಲ್ಲ ಲೇಪವಿಲ್ಲದ, ಬಣ್ಣವಿಲ್ಲದ ಕಪ್ಪು ಉಕ್ಕೇ ಆಗಿರಬೇಕು.

ಎರಡನೆಯದು ಕೆಲಸ ಮಾಡುತ್ತಿರುವವರಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬರುವುದು. ಉರಿಯುವ ಇದ್ದಿಲು ಹೊಗೆಯನ್ನೇ ಕಾಣಿಸದೆಯೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕೆಂಡದ ಮೇಲೆ ಕುಣಿಯುವ ತೆಳುನೀಲಿ ಜ್ವಾಲೆ ಇದೇ ಅನಿಲ ಉರಿಯುವುದು; ಉರಿಯದೆ ಉಳಿದ ಪಾಲು ಗಾಳಿಗೆ ಸೇರುತ್ತದೆ. ಮುಚ್ಚಿದ ಕೋಣೆಯಲ್ಲಿ, ವಾಹನ ನಿಲ್ಲಿಸುವ ಶೆಡ್ಡಿನಲ್ಲಿ, ಮೂರು ಕಡೆ ಗೋಡೆಯಿರುವ ಜಗಲಿಯಲ್ಲಿ ಈ ಕುಲುಮೆಯನ್ನು ಹಚ್ಚಲೇಬಾರದು. ಕಿಟಕಿ ತೆರೆದಿಟ್ಟರೆ ಸಾಕಾಗುವುದಿಲ್ಲ. ಮೂರನೆಯದು ಒಳಪದರದಿಂದ ಪಟಪಟನೆ ಚೂರು ಸಿಡಿಯುವುದು. ಅದರ ವಿವರ ಮುಂದೆ ಬರುತ್ತದೆ. ನಾಲ್ಕನೆಯದು ಪ್ಲಾಸ್ಟಿಕ್ ಸುಟ್ಟ ಘಾಟು. ಗಾಳಿಯ ದಾರಿಯಲ್ಲಿ ಪಿವಿಸಿ ಕೊಳವೆಯನ್ನು ಬಳಸಿ ಅದು ಕಾದಿದ್ದರೆ ಹೊರಬರುವ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ, ಅದು ಗಂಟಲನ್ನೂ ಕಣ್ಣನ್ನೂ ಸುಡುತ್ತದೆ.

ಬೆಂಕಿಯಿಲ್ಲದೆ ಮಾಡುವ ತಪಾಸಣೆ

ದೋಷ ಏನೇ ಇರಲಿ, ತಪಾಸಣೆ ತಣ್ಣಗಿನ ಕುಲುಮೆಯಿಂದ ಆರಂಭವಾಗಬೇಕು. ಬೂದಿಯನ್ನೆಲ್ಲ ಪೂರ್ತಿ ತೆಗೆದು, ಬ್ಲೋವರ್ ಚಾಲೂ ಮಾಡಿ, ಕೊಳವೆಯ ಒಳತುದಿಯ ಮುಂದೆ ಅಂಗೈ ಹಿಡಿಯಿರಿ. ಆ ತುದಿಯನ್ನು ಮುಂದೆ ಗಾಳಿಬಾಯಿ ಎಂದೇ ಕರೆಯುತ್ತೇನೆ. ಅರ್ಧ ಅಡಿ ದೂರದಲ್ಲೂ ಗಾಳಿ ಕೈಗೆ ಸ್ಪಷ್ಟವಾಗಿ ತಾಗಬೇಕು. ತಾಗದಿದ್ದರೆ, ಬ್ಲೋವರಿನ ಬಾಯಿಯಿಂದ ಗಾಳಿಬಾಯಿಯವರೆಗೆ ಪ್ರತಿ ಜೋಡಣೆಯ ಬಳಿಯೂ ತೆಳು ಕಾಗದದ ಒಂದು ಎಳೆಯನ್ನು ಹಿಡಿದು ನೋಡಿ. ಎಲ್ಲಿ ಕಾಗದ ಅಲುಗಾಡುತ್ತದೋ ಅಲ್ಲಿ ಗಾಳಿ ಸೋರುತ್ತಿದೆ. ಹೇರ್ ಡ್ರೈಯರಿನ ದುಂಡು ಮೂತಿ ಮತ್ತು ಕೊಳವೆಯ ನಡುವಿನ ಸಂದು ಎಲ್ಲಕ್ಕಿಂತ ಹೆಚ್ಚು ಸೋರುವ ಜಾಗ. ಅಲ್ಲಿ ಅಂಟುಪಟ್ಟಿ ಸುತ್ತುವ ಬದಲು ತಗಡಿನ ಚಿಕ್ಕ ಆಲಿಕೆಯೊಂದನ್ನು ಮಾಡಿ, ಜೇಡಿಮಣ್ಣಿನಿಂದ ಸಂದು ಮುಚ್ಚಿದರೆ ಬಹುಕಾಲ ಬಾಳುತ್ತದೆ.

ಸೋರಿಕೆ ಇಲ್ಲದಿದ್ದರೂ ಗಾಳಿ ಬಾರದಿದ್ದರೆ ರಂಧ್ರಗಳ ಲೆಕ್ಕ ಹಾಕಬೇಕು. ಕೊಳವೆಯ ತುದಿಯನ್ನು ಮುಚ್ಚಿ ಅದರ ಮೈಯಲ್ಲಿ ಸಾಲಾಗಿ ರಂಧ್ರ ಕೊರೆದು ಬಾಣಲೆಯ ತಳದಲ್ಲಿ ಹಾಯಿಸುವ ವಿನ್ಯಾಸ ಬಹಳ ಪ್ರಚಲಿತ. ಆದರೆ ರಂಧ್ರಗಳನ್ನು ಜನ ತೀರ ಕಡಿಮೆ ಕೊರೆಯುತ್ತಾರೆ. 25 ಮಿ.ಮೀ. ಒಳವ್ಯಾಸದ ಕೊಳವೆಯ ಬಾಯಿಯ ವಿಸ್ತೀರ್ಣ ಸುಮಾರು 490 ಚದರ ಮಿ.ಮೀ. 6 ಮಿ.ಮೀ. ರಂಧ್ರ ಒಂದರ ವಿಸ್ತೀರ್ಣ 28 ಚದರ ಮಿ.ಮೀ. ಮಾತ್ರ; ಕೊಳವೆಯಷ್ಟೇ ದಾರಿ ಕೊಡಬೇಕಾದರೆ ಅಂಥವು 17 ಬೇಕಾಗುತ್ತವೆ. 10 ಮಿ.ಮೀ. ರಂಧ್ರವಾದರೆ 6 ಸಾಕು. ಐದಾರು ಸಣ್ಣ ರಂಧ್ರ ಕೊರೆದು ಬಿಟ್ಟರೆ ಕೊಳವೆ ಎಷ್ಟೇ ಅಗಲವಿದ್ದರೂ ಗಾಳಿಯ ಮೂರನೆಯ ಎರಡು ಪಾಲು ದಾರಿ ಮುಚ್ಚಿದಂತೆಯೇ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಅಂಶವಿದೆ. ಹೇರ್ ಡ್ರೈಯರ್ ಹೆಚ್ಚು ಪ್ರಮಾಣದ ಗಾಳಿಯನ್ನು ಕಡಿಮೆ ಒತ್ತಡದಲ್ಲಿ ಊದುತ್ತದೆ. ಹಾಸಿಗೆಗೆ ಗಾಳಿ ತುಂಬುವ ಕೈಪಂಪು, ಸೈಕಲ್ ಪಂಪುಗಳು ಕಡಿಮೆ ಗಾಳಿಯನ್ನು ಹೆಚ್ಚು ಒತ್ತಡದಲ್ಲಿ ಊದುತ್ತವೆ. ಮೊದಲನೆಯದಕ್ಕೆ ಅಗಲವಾದ, ತಿರುವು ಕಡಿಮೆಯಿರುವ ದಾರಿ ಬೇಕು. ಎರಡನೆಯದಕ್ಕೆ ಕಿರಿದಾದ ಒಂದೇ ಗಾಳಿಬಾಯಿ ಒಪ್ಪುತ್ತದೆ. ಹಳೆಯ ಕಮ್ಮಾರರ ತಿದಿ ಇವೆರಡರ ನಡುವಿನದು, ಅದರ ಉಸಿರಿನ ಲಯವನ್ನು ಕೈ ತಾನೇ ಹದಗೊಳಿಸುತ್ತದೆ. ಒಬ್ಬರ ಕುಲುಮೆಯ ಚಿತ್ರ ನೋಡಿ ಕೊಳವೆ ಮಾಡಿಕೊಂಡು, ಬೇರೊಂದು ಬಗೆಯ ಗಾಳಿಯಂತ್ರವನ್ನು ಅದಕ್ಕೆ ಜೋಡಿಸಿದಾಗ ಹುಟ್ಟುವ ದೋಷವನ್ನು ಹೊರಗಿನಿಂದ ಗುರುತಿಸುವುದು ಕಷ್ಟ, ಏಕೆಂದರೆ ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಸರಿಯಾಗಿಯೇ ಇರುತ್ತದೆ.

ಕಾವು ಏರುವುದೇ ಇಲ್ಲ

ಮೊದಲು ದೋಷ ನಿಜವಾದದ್ದೇ ಎಂದು ಖಚಿತಪಡಿಸಿಕೊಳ್ಳಬೇಕು. ನಡುಹಗಲಿನ ಬಿಸಿಲಿನಲ್ಲಿ ಕೆಂಪಗೆ ಕಾದ ಕಬ್ಬಿಣವೂ ಕಪ್ಪಾಗಿಯೇ ಕಾಣುತ್ತದೆ. ಬಿಸಿಲಲ್ಲಿ ನಿಂತು ಕಾವು ಸಾಲದೆಂದು ಗಾಳಿ ಹೆಚ್ಚಿಸುತ್ತಾ ಹೋಗಿ ಕೊನೆಗೆ ಕಬ್ಬಿಣವನ್ನೇ ಸುಟ್ಟುಬಿಡುವ ಸಾಧ್ಯತೆ ಇದೆ. ಆದ್ದರಿಂದ ಬಣ್ಣವನ್ನು ನೆರಳಿನಲ್ಲಿ ನೋಡಬೇಕು. ನೆರಳಿನಲ್ಲಿ ಮಂದ ಕೆಂಪು ಸುಮಾರು 650 ಡಿಗ್ರಿಯನ್ನೂ, ಕೆಂಪು 750ರಿಂದ 800 ಡಿಗ್ರಿಯನ್ನೂ, ಹೊಳೆಯುವ ಕಿತ್ತಳೆ 950 ಡಿಗ್ರಿಯ ಆಸುಪಾಸನ್ನೂ, ಹಳದಿ 1100 ಡಿಗ್ರಿ ಮತ್ತು ಅದರಿಂದಾಚೆಯನ್ನೂ ಸೂಚಿಸುತ್ತದೆ. ಮೆದು ಉಕ್ಕನ್ನು ಬಡಿದು ರೂಪಿಸಲು ಕಿತ್ತಳೆಯಿಂದ ಹಳದಿಯವರೆಗಿನ ಕಾವು ಬೇಕು. ಕಣ್ಣನ್ನು ನಂಬಲಾಗದಿದ್ದರೆ ಅಯಸ್ಕಾಂತವಿದೆ: ಕಬ್ಬಿಣ 770 ಡಿಗ್ರಿ ದಾಟಿದಾಗ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಸಣ್ಣ ಅಯಸ್ಕಾಂತವನ್ನು ತಂತಿಯಿಂದ ತೂಗುಹಾಕಿ, ಬೆಂಕಿಯಿಂದ ಹೊರತೆಗೆದ ಕಬ್ಬಿಣಕ್ಕೆ ಒಂದು ಕ್ಷಣ ಸೋಕಿಸಿದರೆ ಸಾಕು. ಸೆಳೆತವಿಲ್ಲದಿದ್ದರೆ ಆ ಗಡಿ ದಾಟಿದೆ ಎಂದೇ ಅರ್ಥ. ಅಯಸ್ಕಾಂತ ತಾನೇ ಕಾದರೆ ಶಕ್ತಿ ಕಳೆದುಕೊಳ್ಳುವುದರಿಂದ ಅದನ್ನು ಹೆಚ್ಚು ಹೊತ್ತು ತಾಗಿಸಿ ಹಿಡಿಯಬಾರದು. ಪರೀಕ್ಷೆಗೆ ಪ್ರತಿ ಸಲವೂ ಒಂದೇ ತುಂಡನ್ನು, 10 ಅಥವಾ 12 ಮಿ.ಮೀ. ದಪ್ಪದ ಮೆದು ಉಕ್ಕಿನ ಸರಳನ್ನು, ಬಳಸುವುದು ಒಳ್ಳೆಯದು. ದಪ್ಪ ತುಂಡು ಕಾಯಲು ಹೆಚ್ಚು ಹೊತ್ತು ಬೇಕೆಂಬುದನ್ನು ಕುಲುಮೆಯ ದೋಷವೆಂದು ಎಣಿಸಬಾರದು.

ದೋಷ ನಿಜವೆಂದಾದ ಮೇಲೆ, ಕೆಂಡವೇ ಮಂದವಾಗಿದೆಯೋ ಅಥವಾ ಕೆಂಡ ಪ್ರಖರವಾಗಿದ್ದು ಕಬ್ಬಿಣ ಮಾತ್ರ ಮಂದವಾಗಿದೆಯೋ ಎಂಬುದನ್ನು ಗಮನಿಸಬೇಕು. ಇವೆರಡೂ ಬೇರೆಬೇರೆ ದೋಷಗಳು.

ಕೆಂಡದ ರಾಶಿಯ ಒಡಲೇ ಮಂದ ಕೆಂಪಾಗಿದ್ದರೆ ಗಾಳಿ ಅಥವಾ ಉರುವಲು ಕಾರಣ. ಗಾಳಿಯ ತಪಾಸಣೆ ಮೇಲೆ ಹೇಳಿದಂತೆ ಆಗಿದ್ದರೆ ಇದ್ದಿಲನ್ನು ನೋಡಿ. ಇದ್ದಿಲು ಗಾಳಿಯಿಂದ ತೇವವನ್ನು ಹೀರಿಕೊಳ್ಳುತ್ತದೆ. ತೇವದ ಇದ್ದಿಲು ಚಟಚಟನೆ ಸಿಡಿಯುತ್ತದೆ, ಅದರ ಶಾಖದ ಒಂದು ಪಾಲು ನೀರನ್ನು ಆವಿಯಾಗಿಸುವುದರಲ್ಲೇ ಕಳೆದುಹೋಗುತ್ತದೆ. ತುಂಡಿನ ಗಾತ್ರವೂ ಮುಖ್ಯ. ಮುಷ್ಟಿಗಾತ್ರದ ತುಂಡುಗಳ ನಡುವೆ ದೊಡ್ಡ ಪೊಳ್ಳು ಉಳಿದು ಗಾಳಿ ಉರಿಯದೆಯೇ ಹಾದುಹೋಗುತ್ತದೆ; ಪುಡಿಯಾದರೆ ಸಂದುಗಳೆಲ್ಲ ಮುಚ್ಚಿ ಗಾಳಿ ಒಳಹೋಗುವುದೇ ಇಲ್ಲ. 2ರಿಂದ 4 ಸೆಂ.ಮೀ. ಗಾತ್ರದ ತುಂಡುಗಳನ್ನು ಆರಿಸಿ, ಪುಡಿಯನ್ನು ಜರಡಿ ಹಿಡಿದು ತೆಗೆದುಬಿಡಬೇಕು. ಮಾಂಸ ಸುಡಲು ಮಾರುವ ಅಚ್ಚೊತ್ತಿದ ಇದ್ದಿಲು ಬಿಲ್ಲೆಗಳಲ್ಲಿ ಅಂಟಿನ ವಸ್ತು ಸೇರಿರುತ್ತದೆ, ಬೂದಿ ಬಹಳ ಬೀಳುತ್ತದೆ. ಅವು ನಿಧಾನವಾಗಿ ಉರಿಯಲೆಂದೇ ತಯಾರಾದವು, ಕುಲುಮೆಗೆ ಒಗ್ಗುವುದಿಲ್ಲ.

ಕೆಂಡ ಕಣ್ಣು ಕೋರೈಸುವಷ್ಟು ಪ್ರಖರವಾಗಿದ್ದೂ ಕಬ್ಬಿಣ ಕಾಯದಿದ್ದರೆ ತಪ್ಪು ಜಾಗದಲ್ಲಿದೆ. ಕುಲುಮೆಯ ಬೆಂಕಿಯೊಳಗೆ ಎಲ್ಲ ಕಡೆಯೂ ಒಂದೇ ಬಗೆಯ ಕಾವು ಇರುವುದಿಲ್ಲ. ಗಾಳಿಬಾಯಿಯ ತೀರ ಹತ್ತಿರ ತಣ್ಣನೆಯ ಹೊಸ ಗಾಳಿ ನುಗ್ಗುತ್ತಿರುತ್ತದೆ, ಅಲ್ಲಿ ಆಮ್ಲಜನಕ ಮಿಕ್ಕಿರುತ್ತದೆ. ಅದರಿಂದ ಕೆಲವು ಬೆರಳು ದೂರದಲ್ಲಿ ಆಮ್ಲಜನಕ ಬಹುಮಟ್ಟಿಗೆ ಖರ್ಚಾಗಿ ಕಾವು ಶಿಖರ ಮುಟ್ಟುತ್ತದೆ. ಅದಕ್ಕೂ ಮೇಲೆ ಹೋದಂತೆ ಕಾವು ಇಳಿಯುತ್ತದೆ. ಕಬ್ಬಿಣ ಇರಬೇಕಾದದ್ದು ನಡುವಿನ ಆ ಪಟ್ಟಿಯಲ್ಲಿ: ಕೆಳಗೆ ಒಂದು ಗೇಣಿಗೆ ತುಸು ಕಡಿಮೆ ಆಳದ ಕೆಂಡ, ಮೇಲೆ ಮೂರು ನಾಲ್ಕು ಬೆರಳು ದಪ್ಪದ ಕೆಂಡದ ಹೊದಿಕೆ, ನಡುವೆ ಅಡ್ಡಲಾಗಿ ಮಲಗಿದ ಸರಳು. ಈಟಿಯಂತೆ ಮೇಲಿನಿಂದ ಕೆಳಕ್ಕೆ ಚುಚ್ಚಿ ನಿಲ್ಲಿಸಿದರೆ ಅದರ ತುದಿ ಗಾಳಿಬಾಯಿಯ ಮುಂದೆ ಹೋಗಿ ನಿಲ್ಲುತ್ತದೆ, ಮೈ ತಣ್ಣಗಿರುವ ಮೇಲ್ಪದರದಲ್ಲಿ ಉಳಿಯುತ್ತದೆ.

ಅಗಲವಾದ, ಆಳವಿಲ್ಲದ ಬಾಣಲೆಯಲ್ಲಿ ಈ ದಪ್ಪದ ರಾಶಿ ನಿಲ್ಲುವುದೇ ಇಲ್ಲ. ಇದ್ದಿಲು ಪಕ್ಕಕ್ಕೆ ಜಾರಿ ಹರಡುತ್ತದೆ, ಎಷ್ಟು ಸುರಿದರೂ ಆಳ ಬರುವುದಿಲ್ಲ, ಇದ್ದಿಲು ಮಾತ್ರ ಮೂಟೆಗಟ್ಟಲೆ ಖರ್ಚಾಗುತ್ತದೆ. ಪರಿಹಾರ ಸುಲಭ: ಗಾಳಿಬಾಯಿಯ ಎರಡೂ ಬದಿಗೆ ಚೆನ್ನಾಗಿ ಒಣಗಿದ ಸುಟ್ಟ ಇಟ್ಟಿಗೆ ಒಂದೊಂದನ್ನು ನಿಲ್ಲಿಸಿ, ನಡುವೆ 12ರಿಂದ 15 ಸೆಂ.ಮೀ. ಅಗಲದ ಓಣಿ ಮಾಡಿಕೊಂಡು ಇದ್ದಿಲನ್ನು ಅದರಲ್ಲೇ ರಾಶಿ ಹಾಕಬೇಕು. ಇಟ್ಟಿಗೆಗಳನ್ನು ಸರಿಸಿ ಓಣಿಯನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಕಾವು ಏರದ ಕುಲುಮೆಗೆ ನಾನು ಮೊದಲು ಸೂಚಿಸುವ ಬದಲಾವಣೆ ಇದೇ, ಏಕೆಂದರೆ ಇದಕ್ಕೆ ಏನೂ ಖರ್ಚಿಲ್ಲ, ಫಲ ಕೂಡಲೇ ಕಾಣುತ್ತದೆ, ಇಷ್ಟವಾಗದಿದ್ದರೆ ಇಟ್ಟಿಗೆ ಎತ್ತಿಟ್ಟರಾಯಿತು. ಸಾಧಾರಣ ಇಟ್ಟಿಗೆ ಹೆಚ್ಚಿನ ಕಾವಿಗೆ ಕ್ರಮೇಣ ಬಿರಿಯುತ್ತದೆ, ಬಿರಿದಾಗ ಬದಲಿಸಬೇಕು. ಹೊಳೆಯ ಕಲ್ಲುಗಳನ್ನು ಮಾತ್ರ ಇದಕ್ಕೆ ಬಳಸಬಾರದು, ಒಳಗೆ ಸಿಕ್ಕಿದ ತೇವ ಆವಿಯಾಗಿ ಅವು ಸಿಡಿಯಬಲ್ಲವು.

ಚೆನ್ನಾಗಿ ಉರಿದು ಆಮೇಲೆ ಮಂದವಾಗುತ್ತದೆ

ಆರಂಭದಲ್ಲಿ ಸರಿಯಾಗಿದ್ದ ಬೆಂಕಿ ಸ್ವಲ್ಪ ಹೊತ್ತಿನ ನಂತರ ಸೊರಗಿದರೆ, ಬ್ಲೋವರಿನ ಸದ್ದನ್ನು ಕೇಳಿ. ಸದ್ದೇ ನಿಂತಿದ್ದರೆ ಹೇರ್ ಡ್ರೈಯರಿನೊಳಗಿನ ಉಷ್ಣ ರಕ್ಷಕ ವಿದ್ಯುತ್ತನ್ನು ಕಡಿದಿದೆ. ಅದರ ಮೋಟಾರು ಮತ್ತು ತಂತಿಸುರುಳಿ ತಣ್ಣಗಿರುವುದು ತಾನೇ ಊದುವ ಗಾಳಿಯಿಂದ. ಗಾಳಿಯ ದಾರಿ ಕಟ್ಟಿದರೆ ಅದು ಕಾದು ನಿಲ್ಲುತ್ತದೆ. ಯಾವಾಗಲೂ ತಣ್ಣನೆ ಗಾಳಿಯ ಗುಂಡಿಯಲ್ಲೇ ಇಟ್ಟಿರಬೇಕು, ಮತ್ತು ಗಾಳಿ ಕಡಿಮೆ ಮಾಡಬೇಕೆನಿಸಿದಾಗ ಕೊಳವೆಯನ್ನು ಹಿಸುಕಿ ಕಟ್ಟಬಾರದು. ಕೊಳವೆಯ ನಡುವೆ ಕವಲೊಂದನ್ನು ಇಟ್ಟು, ಅದರ ಮುಚ್ಚಳವನ್ನು ಬೇಕಾದಷ್ಟು ತೆರೆದು ಹೆಚ್ಚುವರಿ ಗಾಳಿಯನ್ನು ಹೊರಬಿಡಬೇಕು. ಆಗ ಮೋಟಾರಿಗೆ ಕಷ್ಟವಿಲ್ಲ, ಬೆಂಕಿಗೆ ಹೋಗುವ ಗಾಳಿ ಮಾತ್ರ ಕಡಿಮೆಯಾಗುತ್ತದೆ.

ಸದ್ದು ಮೊದಲಿಗಿಂತ ಕೀರಲಾಗಿ ಏರಿದ್ದರೆ ದಾರಿ ಮುಚ್ಚಿಕೊಳ್ಳುತ್ತಿದೆ ಎಂದು ತಿಳಿಯಬಹುದು. ತಳದಿಂದ ಗಾಳಿ ಬರುವ ಕುಲುಮೆಯಲ್ಲಿ ಬೂದಿ ಮತ್ತು ಸಣ್ಣ ಕೆಂಡ ರಂಧ್ರಗಳೊಳಗೆ ಬಿದ್ದು ಕೊಳವೆಯಲ್ಲಿ ಸೇರುತ್ತವೆ. ಅಂಥ ಕೊಳವೆಗೆ ಕೆಳಮುಖವಾದ ಒಂದು ತುದಿ ಮತ್ತು ತೆಗೆಯಬಹುದಾದ ಮುಚ್ಚಳ ಇರಲೇಬೇಕು. ಪಕ್ಕದಿಂದ ಗಾಳಿ ಬರುವ ಕುಲುಮೆಯಲ್ಲಿ ಅಡ್ಡಿಯಾಗುವುದು ಕಿಟ್ಟ. ಬೂದಿ, ಮರಳು ಮತ್ತು ಕಬ್ಬಿಣದ ಪೊರೆ ಕೂಡಿ ಕರಗಿ ಗಾಜಿನಂಥ ಭಾರವಾದ ಮುದ್ದೆಯಾಗಿ ಗಾಳಿಬಾಯಿಯ ಕೆಳಗೆ ಕೂರುತ್ತದೆ. ಸುತ್ತಲಿನ ಕೆಂಡ ಬೆಳಗುತ್ತಿರುವಾಗ ನಡುವೆ ಮಂಕಾದ ಒಂದು ಕಲೆ ಕಂಡರೆ, ಸಲಾಕೆಯಿಂದ ಕೆದಕಿದಾಗ ಇದ್ದಿಲಿನ ಹಗುರ ಸದ್ದಿನ ಬದಲು ಗಡುಸಾಗಿ ತಡೆದರೆ ಅದು ಕಿಟ್ಟವೇ. ಬೆಂಕಿ ಪೂರ್ಣ ಕಾವಿನಲ್ಲಿರುವಾಗ ಅದನ್ನು ತೆಗೆಯಲು ಹೋದರೆ ಅಂಟಂಟಾಗಿ ಹರಿದು ಕೆಂಡಕ್ಕೆಲ್ಲ ಬೆರೆಯುತ್ತದೆ. ಗಾಳಿಯನ್ನು ತಗ್ಗಿಸಿ ಕೆಲವು ನಿಮಿಷ ಬಿಟ್ಟರೆ ಗಟ್ಟಿಯಾಗುತ್ತದೆ. ಆಗ ಕೊಕ್ಕೆಯಿಂದ ಒಂದೇ ತುಂಡಾಗಿ ಎಬ್ಬಿಸಿ ತೆಗೆಯಬಹುದು. ಮರದ ಇದ್ದಿಲಿನಲ್ಲಿ ಕಿಟ್ಟ ಸಹಜವಾಗಿ ಕಡಿಮೆ. ಬಹಳ ಬರುತ್ತಿದ್ದರೆ ಇದ್ದಿಲಿನ ಜೊತೆ ಮಣ್ಣು ಸೇರಿದೆ ಅಥವಾ ಒಳಪದರವೇ ಕರಗಿ ಬರುತ್ತಿದೆ ಎಂದು ಶಂಕಿಸಬೇಕು.

ಕಬ್ಬಿಣ ಕಿಡಿ ಕಾರುತ್ತದೆ, ಬಡಿದರೆ ಉದುರುತ್ತದೆ

ಬೆಂಕಿಯಿಂದ ತೆಗೆದ ಸರಳಿನ ತುದಿಯಿಂದಲೇ ಬಿಳಿಯ ಕಿಡಿಗಳು ಚಿಮ್ಮುತ್ತಿದ್ದರೆ ಕಬ್ಬಿಣ ಉರಿಯುತ್ತಿದೆ. ಇದ್ದಿಲಿನಿಂದ ಏಳುವ ಕಿಡಿ ಕೆಂಪಾಗಿ ಮೇಲಕ್ಕೆ ತೇಲುತ್ತದೆ. ಉಕ್ಕಿನ ಕಿಡಿ ಬೆಳ್ಳಗೆ ಸಿಡಿದು ಕವಲೊಡೆಯುತ್ತದೆ. ಹೀಗೆ ಸುಟ್ಟ ಭಾಗ ಮತ್ತೆ ಸರಿಯಾಗದು, ಅದನ್ನು ಕತ್ತರಿಸಿ ತೆಗೆಯಲೇಬೇಕು. ಇಂಗಾಲ ಹೆಚ್ಚಿರುವ ಉಕ್ಕು, ಅಂದರೆ ಹಳೆಯ ಸ್ಪ್ರಿಂಗು, ಅರ ಮುಂತಾದವು, ಮೆದು ಉಕ್ಕಿಗಿಂತ ಕಡಿಮೆ ಕಾವಿನಲ್ಲೇ ಈ ಸ್ಥಿತಿ ಮುಟ್ಟುತ್ತವೆ. ಅವನ್ನು ಹಳದಿಯವರೆಗೆ ಕಾಯಿಸದೆ ಕಿತ್ತಳೆಯಲ್ಲೇ ತೆಗೆಯಬೇಕು.

ಸುಡದಿದ್ದರೂ ಪ್ರತಿ ಕಾಯಿಸುವಿಕೆಗೂ ದಪ್ಪ ಕಪ್ಪು ಪೊರೆ ಎದ್ದು ಉದುರುತ್ತಿದ್ದರೆ, ಕಬ್ಬಿಣದ ಸುತ್ತ ಉರಿಯದ ಆಮ್ಲಜನಕ ಉಳಿದಿದೆ ಎಂದಾಯಿತು. ಕಾರಣ ಎರಡರಲ್ಲಿ ಒಂದು: ಗಾಳಿ ಅತಿಯಾಗಿದೆ, ಇಲ್ಲವೇ ಗಾಳಿಬಾಯಿಗೂ ಕಬ್ಬಿಣಕ್ಕೂ ನಡುವೆ ಕೆಂಡ ಸಾಲದಾಗಿದೆ. ಮೊದಲು ಇದ್ದಿಲು ಸೇರಿಸಿ ಆಳ ಹೆಚ್ಚಿಸಿ. ಆಮೇಲೂ ಪೊರೆ ನಿಲ್ಲದಿದ್ದರೆ ಗಾಳಿ ತಗ್ಗಿಸಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತೆಂದು ತಿಳಿಯದು. ತೆಳುವಾದ ಪೊರೆ ಸಹಜ, ಅದನ್ನು ಪೂರ್ತಿ ತಪ್ಪಿಸುವ ಪ್ರಯತ್ನ ಬೇಡ. ಬಡಿಗಲ್ಲಿಗೆ ಇಡುವ ಮುನ್ನ ತಂತಿಕುಂಚದಿಂದ ಉಜ್ಜಿದರೆ ಸಾಕು.

ಕಿಡಿಯೇ ಇಲ್ಲದೆ, ಬಡಿಯುವಾಗ ಕಬ್ಬಿಣ ಬಿರಿಯುವುದೂ ಉಂಟು. ಅಲ್ಲಿ ಅತಿಕಾವಿನ ಬದಲು ಕಾವಿನ ಕೊರತೆ ಕಾರಣವಾಗಿರುತ್ತದೆ. ಕೆಂಪು ಆರಿದ ಮೇಲೂ ಸುತ್ತಿಗೆ ನಿಲ್ಲಿಸದಿದ್ದರೆ ಉಕ್ಕು ಮಣಿಯುವ ಬದಲು ಸೀಳುತ್ತದೆ. ಬಣ್ಣವೆಲ್ಲ ಆರಿ, ಕಾವು 200ರಿಂದ 300 ಡಿಗ್ರಿಯ ಆಸುಪಾಸಿಗೆ ಇಳಿದ ಸ್ಥಿತಿಯಲ್ಲಿ ಮೆದು ಉಕ್ಕೂ ವಿಶೇಷವಾಗಿ ಪೆಡಸಾಗುತ್ತದೆ. ಬಿರಿದ ಜಾಗವನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ: ಸುಟ್ಟ ಉಕ್ಕಿನ ಒಡಕು ಒರಟಾಗಿ, ಹರಳುಹರಳಾಗಿ, ತುದಿಗಳು ತಿಂದುಹೋದಂತೆ ಇರುತ್ತದೆ, ತಣ್ಣಗೆ ಬಡಿದದ್ದರಲ್ಲಿ ಅಂಚಿನಿಂದ ಒಳಕ್ಕೆ ಹೊರಟ ನೇರ ಸೀಳು ಇರುತ್ತದೆ, ಮೈ ಹಾಳಾಗಿರುವುದಿಲ್ಲ.

ಒಳಪದರ ಬಿರಿದರೆ, ಸಿಡಿದರೆ, ಕರಗಿದರೆ

ಒಣಗುವಾಗ ಕೂದಲೆಳೆಯಷ್ಟು ತೆಳುವಾದ ಬಿರುಕುಗಳು ಬಂದೇ ಬರುತ್ತವೆ; ಅವುಗಳಿಂದ ಹಾನಿಯಿಲ್ಲ. ಬೆರಳ ಉಗುರು ತೂರುವಷ್ಟು ಅಗಲವಾದವನ್ನು ಅದೇ ಮಣ್ಣಿನ ಗಟ್ಟಿ ಕಲಸಿನಿಂದ ತುಂಬಬೇಕು. ಎಲ್ಲೆಡೆ ಅಗಲ ಬಿರುಕು ಬರುತ್ತಿದ್ದರೆ ಜೇಡಿ ಹೆಚ್ಚಾಗಿದೆ, ಒತ್ತಿದರೆ ಪುಡಿಯಾಗುತ್ತಿದ್ದರೆ ಮರಳು ಹೆಚ್ಚಾಗಿದೆ. ಒಂದು ಪಾಲು ಜೇಡಿಗೆ ಎರಡರಿಂದ ಮೂರು ಪಾಲು ಮರಳು ಎಂಬುದು ಆರಂಭಕ್ಕೆ ಸರಿಯಾದ ಪ್ರಮಾಣ, ಆಮೇಲೆ ದೊರೆತ ಮಣ್ಣಿನ ಗುಣ ನೋಡಿ ಹೆಚ್ಚುಕಡಿಮೆ ಮಾಡಬಹುದು. ಮುಷ್ಟಿಯಲ್ಲಿ ಹಿಸುಕಿದರೆ ಉಂಡೆಯಾಗಿ ನಿಲ್ಲುವಷ್ಟು ಮಾತ್ರ ನೀರು ಸಾಕು.

ಸಿಡಿಯುವುದು ಬೇರೆಯೇ ವಿಷಯ. ನೀರು ಆವಿಯಾದಾಗ ಸುಮಾರು 1600 ಪಟ್ಟಿಗೂ ಮೀರಿ ಹಿಗ್ಗುತ್ತದೆ. ಮೇಲ್ಮೈ ಒಣಗಿ ಒಳಗೆ ತೇವ ಉಳಿದ ಪದರಕ್ಕೆ ಒಮ್ಮೆಲೇ ಬಲವಾದ ಬೆಂಕಿ ಹಚ್ಚಿದರೆ ಆ ಆವಿಗೆ ಹೊರಬರಲು ದಾರಿಯಿಲ್ಲದೆ ಪದರವನ್ನೇ ಕಿತ್ತೆಸೆಯುತ್ತದೆ. ನೆರಳಿನಲ್ಲಿ ಹಲವು ದಿನ ಒಣಗಿಸಿ, ಬಳಿಕ ಗಾಳಿ ಊದದೆ ಸಣ್ಣ ಸೌದೆಯ ಬೆಂಕಿಯನ್ನು ಎರಡು ಮೂರು ಬಾರಿ ಹಚ್ಚಿ ಆರಿಸಿ, ಆಮೇಲಷ್ಟೇ ಇದ್ದಿಲು ತುಂಬಬೇಕು. ಬೆಂಕಿಯ ಮೇಲೆ ತಣ್ಣನೆಯ ಗಾಜಿನ ತುಂಡನ್ನು ಚಿಮಟದಲ್ಲಿ ಒಂದು ಕ್ಷಣ ಹಿಡಿದು ತೇವವನ್ನು ಪರೀಕ್ಷಿಸುವ ಪದ್ಧತಿಯನ್ನು ಕೆಲವರು ಹೇಳುತ್ತಾರೆ. ಉರಿಯುವ ಸೌದೆಯೇ ನೀರಾವಿ ಬಿಡುವುದರಿಂದ ಅದು ನಂಬತಕ್ಕದ್ದಲ್ಲ. ಸಮಯ ಕೊಡುವುದೇ ಸರಿಯಾದ ದಾರಿ.

ಸಿಮೆಂಟು ಕಾಂಕ್ರೀಟಿನಿಂದ ಮಾಡಿದ ಒಳಪದರ ಎಷ್ಟು ಒಣಗಿಸಿದರೂ ಸುರಕ್ಷಿತವಲ್ಲ. ಅದರಲ್ಲಿ ನೀರು ರಾಸಾಯನಿಕವಾಗಿ ಕೂಡಿಕೊಂಡಿರುತ್ತದೆ, ಕಾವಿನಲ್ಲಿ ಅದು ಬಿಡುಗಡೆಯಾಗಿ ಪದರ ಸಿಡಿಯುತ್ತದೆ ಅಥವಾ ಪುಡಿಯಾಗುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮತ್ತು ಮರಳಿನ ಮಿಶ್ರಣ ನೋಡಲು ಅಂದ, ಮೆತ್ತಲು ಸುಲಭ, ಒಂದೇ ದಿನದಲ್ಲಿ ಗಟ್ಟಿಯಾಗುತ್ತದೆ. ಆದರೆ ಕೆಂಡದ ಒಡಲು ತಾಗುವ ಜಾಗದಲ್ಲಿ ಅದು ಬೇಗ ಶಿಥಿಲವಾಗುತ್ತದೆ, ಗಂಧಕದ ಅನಿಲವನ್ನೂ ಬಿಡುತ್ತದೆ. ಸುಮ್ಮನೆ ಜೇಡಿಮಣ್ಣು ಮೆತ್ತಿದವರ ಕುಲುಮೆಯೇ ಹೆಚ್ಚು ಬಾಳುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಗಾಳಿಬಾಯಿಯ ಸುತ್ತ ಪದರ ಕರಗಿ ಗಾಜಿನಂತೆ ಹೊಳೆಯುತ್ತಿದ್ದರೆ, ಮಣ್ಣಿನಲ್ಲಿ ಬೂದಿ ಬೆರೆಸಲಾಗಿತ್ತೇ ಎಂದು ನೆನಪಿಸಿಕೊಳ್ಳಿ. ಮರದ ಬೂದಿಯಲ್ಲಿರುವ ಪೊಟ್ಯಾಶಿಯಂ ಮತ್ತು ಸುಣ್ಣದ ಅಂಶ ಮಣ್ಣು ಕರಗುವ ಕಾವನ್ನು ತಗ್ಗಿಸುತ್ತವೆ. ಹೊರಗಿನ ಪದರಕ್ಕೆ ಬೂದಿ ಬೆರೆಸಬಹುದು. ಕೆಂಡ ತಾಗುವ ಪದರಕ್ಕೆ ಬೇಡ. ಸ್ವಲ್ಪ ಕರಗುವುದು ಎಲ್ಲ ಕುಲುಮೆಗಳಲ್ಲೂ ಇದ್ದದ್ದೇ, ಆ ಭಾಗವನ್ನು ಆಗಾಗ ಕೆತ್ತಿ ಮತ್ತೆ ಮೆತ್ತುವುದು ಕುಲುಮೆಯ ನಿತ್ಯದ ಆರೈಕೆ.

ಕೊಳವೆಯ ದೋಷಗಳು

ಕೊಳವೆಯ ತುದಿ ಕೆಂಡದೊಳಗೆ ಚಾಚಿಕೊಂಡಿದ್ದರೆ ಅದು ಕೆಂಪಾಗಿ ಕಾದು, ಪೊರೆ ಎದ್ದು, ತಿಂದುಹೋಗುತ್ತದೆ. ತುದಿಯನ್ನು ಮಣ್ಣಿನ ಗೋಡೆಯಿಂದ ಒಂದು ಬೆರಳಷ್ಟು ಹಿಂದಕ್ಕೆ ಎಳೆದು, ಮಣ್ಣಿನಲ್ಲೇ ಗಾಳಿಬಾಯಿಯನ್ನು ರೂಪಿಸಿದರೆ ಲೋಹಕ್ಕೆ ನೇರ ಕಾವು ತಾಗದು. ಅಲ್ಯೂಮಿನಿಯಂ ಕೊಳವೆ ಇಲ್ಲಿ ಸಲ್ಲದು. ಅದು 660 ಡಿಗ್ರಿಯಲ್ಲೇ ಕರಗುತ್ತದೆ. ಹೇರ್ ಡ್ರೈಯರಿನ ಪ್ಲಾಸ್ಟಿಕ್ ಮೂತಿ ಮೆತ್ತಗಾಗುತ್ತಿದ್ದರೆ ಉಕ್ಕಿನ ಕೊಳವೆಯನ್ನು ಒಂದು ಮೀಟರಿನಷ್ಟಾದರೂ ಉದ್ದ ಮಾಡಿ, ಗಾಳಿಯಂತ್ರವನ್ನು ಕುಲುಮೆಗಿಂತ ತಗ್ಗಿನಲ್ಲಿ ಇಡಬೇಕು. ಕಾದ ಅನಿಲ ಮೇಲೇರುವ ಸ್ವಭಾವದ್ದಾದ್ದರಿಂದ ಎತ್ತರದಲ್ಲಿಟ್ಟ ಯಂತ್ರಕ್ಕೆ ಹಾನಿ ಹೆಚ್ಚು.

ಗಾಳಿ ನಿಲ್ಲಿಸಿ ಸ್ವಲ್ಪ ಹೊತ್ತಿನ ನಂತರ ಮತ್ತೆ ಊದಿದಾಗ ಕೊಳವೆಯೊಳಗಿಂದ ಢಮ್ ಎಂಬ ಸದ್ದು ಬಂದರೆ ಅದನ್ನು ಕಡೆಗಣಿಸಬಾರದು. ಗಾಳಿ ನಿಂತಾಗ ಕೆಂಡದಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಮುಂತಾದ ಉರಿಯುವ ಅನಿಲಗಳು ಹಿಮ್ಮುಖವಾಗಿ ಕೊಳವೆಯೊಳಗೆ ನುಗ್ಗಿ ಅಲ್ಲಿನ ಗಾಳಿಯೊಂದಿಗೆ ಬೆರೆಯುತ್ತವೆ, ಮತ್ತೆ ಊದಿದಾಗ ಆ ಮಿಶ್ರಣ ಕೆಂಡಕ್ಕೆ ತಾಗಿ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಜೋಡಣೆಗಳು ಕಿತ್ತುಹೋಗುವಷ್ಟು, ಯಂತ್ರ ಒಡೆಯುವಷ್ಟು ಬಲ ಅದಕ್ಕಿರಬಹುದು. ಕೆಲಸದ ನಡುವೆ ಗಾಳಿ ನಿಲ್ಲಿಸಲೇಬೇಕಾದರೆ ಕವಲಿನ ಮುಚ್ಚಳವನ್ನು ಪೂರ್ತಿ ತೆರೆದಿಡಬೇಕು, ಅಥವಾ ಯಂತ್ರವನ್ನೇ ಕೊಳವೆಯಿಂದ ಬೇರ್ಪಡಿಸಬೇಕು. ಮತ್ತೆ ಆರಂಭಿಸುವಾಗ ಮುಚ್ಚಳ ತೆರೆದೇ ಗಾಳಿ ಬಿಟ್ಟು, ಕೊಳವೆ ಖಾಲಿಯಾದ ಮೇಲೆ ಮುಚ್ಚಬೇಕು. ಈ ಕಾರಣಕ್ಕಾಗಿ ಕವಲಿಲ್ಲದ ಕುಲುಮೆಗೆ ಕವಲು ಸೇರಿಸುವುದನ್ನು, ಬೇರೆ ಯಾವ ದೋಷವೂ ಇಲ್ಲದಿದ್ದರೂ, ಮಾಡಿಕೊಳ್ಳಬೇಕು.

ಮೇಲಿನದೆಲ್ಲವನ್ನೂ ಒಂದೊಂದಾಗಿ ಸರಿಪಡಿಸಿ, ಪ್ರತಿ ಬದಲಾವಣೆಯ ನಂತರವೂ ಅದೇ ಸರಳನ್ನು ಅದೇ ಜಾಗದಲ್ಲಿ ಇಟ್ಟು ಕಾಯಿಸಿ ನೋಡಿದ ಮೇಲೂ ಕಿತ್ತಳೆ ಬಣ್ಣ ಬಾರದಿದ್ದರೆ ಮಾತ್ರ ಒಳಪದರವನ್ನು ತೆಗೆದು ಕಟ್ಟುವ ಯೋಚನೆ ಮಾಡಬಹುದು. ಆಗಲೂ ಮಾಡಬೇಕಾದ ಬದಲಾವಣೆ ಹೆಚ್ಚಾಗಿ ಆಕಾರದ್ದು: ಗುಂಡಿಯನ್ನು ಕಿರಿದಾಗಿಸಿ ಆಳ ಹೆಚ್ಚಿಸುವುದು, ಗಾಳಿಬಾಯಿಯನ್ನು ತಳದಿಂದ ಮೂರು ನಾಲ್ಕು ಬೆರಳು ಮೇಲಕ್ಕೆ ತಂದು ಕಿಟ್ಟ ಕೂರಲು ಕೆಳಗೆ ಜಾಗ ಬಿಡುವುದು. ಹಳೆಯ ಪದರವನ್ನು ಒಡೆಯುವ ಮುನ್ನ ಅದು ಪೂರ್ತಿ ತಣ್ಣಗಾಗಿರಬೇಕು. ಮೇಲೆ ಬೂದಿಯಷ್ಟೇ ಕಂಡರೂ ಒಳಗಿನ ಕೆಂಡ ಗಂಟೆಗಟ್ಟಲೆ ಜೀವ ಹಿಡಿದಿರುತ್ತದೆ. ಬೇಗ ಆರಲೆಂದು ಕಾದ ಪದರಕ್ಕೆ ನೀರು ಎರಚಿದರೆ ಸುಡುವ ಆವಿ ಮುಖಕ್ಕೆ ಹೊಡೆಯುತ್ತದೆ, ಉಳಿಸಿಕೊಳ್ಳಬಹುದಾಗಿದ್ದ ಮಣ್ಣೂ ಬಿರಿಯುತ್ತದೆ. ಕೆಂಡವನ್ನು ಸಲಿಕೆಯಿಂದ ಮುಚ್ಚಳವಿರುವ ಲೋಹದ ಡಬ್ಬಿಗೆ ತುಂಬಿ ಮುಚ್ಚಿಟ್ಟರೆ ಗಾಳಿಯಿಲ್ಲದೆ ತಾನಾಗಿ ಆರುತ್ತದೆ, ಉಳಿದ ಇದ್ದಿಲು ಮುಂದಿನ ಬೆಂಕಿಗೆ ಬರುತ್ತದೆ.